ನನ್ನ ಗಾಳಿಯ ಲೆಕ್ಕ ಇವಳಿಗೇಕೆ?

ಕಳೆದ ವಾರ ಊರಿಗೆ ಹೋದವಳು ಮುಖ ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲಿಟ್ಟಿದ್ದ ಡೈವ್ ಕಂಪ್ಯೂಟರ್ ಮಾಯವಾಗಿತ್ತು. ಹುಡುಕಿದರೆ ಸಿಕ್ಕಿದ್ದೆಲ್ಲಿ? ರೇಷ್ಮೆ ಹುಳುಮನೆಯ ಗೋಡೆಯಲ್ಲಿ, ಮೊಳೆಗೆ ನೇತಾಡುತ್ತಿತ್ತು.

"ನಮ್ ಮೀಟ್ರು ಕೆಟ್ಟೋಗೈತೆ ಕಣವ್ವ. ಇದ್ರಲ್ಲಿ ಸೆಕೆ ಎಷ್ಟೈತೆ ಅಂತ ಬತ್ತದಲ್ಲ," ಎಂದರು ಅಪ್ಪ. "ಬಾಗ್ಲಲ್ಲಿ ನಿಂತ್ಕಂಡ್ರೂ ಕಾಣ್ತದೆ. ಒಳ್ಳೆ ಸಾಮಾನು."

ಸಮುದ್ರದೊಳಗೆ ಇಳಿಯುವವರಿಗೆಂದು ಮಾಡಿದ ಯಂತ್ರ ಉಯ್ಯಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ಹುಳುಗಳ ಸೆಕೆ ಅಳೆಯುತ್ತಿತ್ತು. (ಸರಿಯಾಗಿಯೇ ಅಳೆಯುತ್ತಿತ್ತು ಎನ್ನಿ.)

ಸ್ಕೂಬಾ ಡೈವಿಂಗ್ ಕಲಿತಾಗಿನಿಂದ ನನ್ನ ಅರ್ಧ ತಲೆ ನೀರೊಳಗೇ ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಹಿಮ್ಮುಖವಾಗಿ ನೀರಿಗೆ ಬೀಳುವ ಆ ಕ್ಷಣವಿದೆಯಲ್ಲ? ಅದನ್ನು ನೆನೆದರೆ ಆಫೀಸಿನ ಮೀಟಿಂಗ್‌ನಲ್ಲೂ ನಗು ಬರುತ್ತದೆ. ಇಷ್ಟು ದಿನ ಎಲ್ಲವೂ ಬಾಡಿಗೆಯದು. ಈ ಸಲ ಕಂಪ್ಯೂಟರಾದರೂ ಸ್ವಂತದ್ದಿರಲಿ ಎಂದು ಹೊರಟೆ.

ಬಾಡಿಗೆಯದರಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತಿಳಿಯಲು ಕೊಳವೆಯ ತುದಿಯಲ್ಲಿರುವ ಗೇಜ್ ಹುಡುಕಬೇಕು. ಅದು ಬೇಕಾದಾಗಲೆಲ್ಲ ಬೆನ್ನ ಹಿಂದೆ ಇರುತ್ತದೆ. ವೈರ್‌ಲೆಸ್‌ನಲ್ಲಿ ಈ ಗೋಳಿಲ್ಲ. ಹೆಬ್ಬೆರಳು ಗಾತ್ರದ ಟ್ರಾನ್ಸ್‌ಮಿಟರ್ ಒಂದನ್ನು ಸಿಲಿಂಡರ್ ಬಾಯಿಯ ರೆಗ್ಯುಲೇಟರ್‌ಗೆ ತಿರುಗಿಸಿ ಕೂರಿಸಿದರೆ ಆಯಿತು. ಆಳ, ಸಮಯ, ಉಳಿದ ಗಾಳಿ, ಎಲ್ಲವೂ ಮಣಿಕಟ್ಟಿನ ಮೇಲೆ. ಇದೇ ರೀತಿ ಉಸಿರಾಡಿದರೆ ಇನ್ನೆಷ್ಟು ನಿಮಿಷ ಎಂದೂ ಅದೇ ಹೇಳುತ್ತದೆ. ಮ್ಯಾಜಿಕ್ ಅಲ್ಲವೇ? ("ಮ್ಯಾಜಿಕ್ ನಡೆಯೋದು ಬ್ಯಾಟರಿ ಮೇಲೆ. ಸಾದಾ ಗೇಜನ್ನೂ ಬಿಚ್ಚಬೇಡಿ," ಎಂದಿದ್ದಾರೆ ನಮ್ಮ ತರಬೇತುದಾರರು.)

ಅವರೇ ಎರಡು ಮಾದರಿ ಕೊಟ್ಟು, ಕಟ್ಟಿಕೊಂಡು ನೋಡಿ ಎಂದಿದ್ದರು. ಮೊದಲನೆಯದು ತೆಳ್ಳಗೆ, ಹಗುರ, ಸೀರೆಗೂ ಒಪ್ಪುತ್ತದೆ. ನನ್ನ ಗಾಳಿಯನ್ನು ನನಗಷ್ಟೇ ತೋರಿಸುತ್ತದೆ. ಎರಡನೆಯದು, ಅಪ್ಪ ಮೆಚ್ಚಿ ಮೊಳೆಗೆ ಹಾಕಿದ್ದು, ದೊಡ್ಡ ಪರದೆಯ ಧಡೂತಿ. ಅದಕ್ಕೆ ಜೊತೆಗಾರರ ಟ್ರಾನ್ಸ್‌ಮಿಟರನ್ನೂ ಜೋಡಿಸಬಹುದು. ಆಗ ಅವರ ಗಾಳಿ ನನಗೆ ಕಾಣುತ್ತದೆ. ನನ್ನದು ಅವರಿಗೆ.

ನೀರಿಗೆ ನಾವು ಜೋಡಿಯಾಗಿಯೇ ಇಳಿಯುವುದು. ನನ್ನ ಜೋಡಿ ಮುಬೀನಾ. ರಾಮನಗರದವಳು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬು, ಎಂ.ಎಸ್ಸಿ.ಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಅವಳಿಗೆ ಎರಡನೆಯದೇ ಬೇಕು. ಇಬ್ಬರೂ ಅದನ್ನೇ ಕೊಂಡರೆ ಮಾತ್ರ ಪ್ರಯೋಜನ.

"ನಿಂದು ನಂಗೆ ಕಾಣ್ಬೇಕು, ನಂದು ನಿಂಗೆ. ಇಲ್ಲಾಂದ್ರೆ ಬೇರೆ ಜೋಡಿ ನೋಡ್ಕೋ ಕಣೇ," ಎಂದಳು ಫೋನಿನಲ್ಲಿ. ತಮಾಷೆಯ ದನಿ ಅದಾಗಿರಲಿಲ್ಲ.

"ನೀನು ಸನ್ನೆ ಮಾಡಿ ಕೇಳಿದ್ರೆ ಹೇಳ್ತೀನಲ್ಲ."

"ನೀನಾ? ನಿನ್ ಕೈ ಮುರಿದಿದ್ದೇ ನಂಗೆ ಬೇರೆಯವರಿಂದ ಗೊತ್ತಾಯ್ತು. ನೀರೊಳಗೆ ಗಾಳಿ ಮುಗೀತು ಅಂತ ಹೇಳ್ತೀಯಾ?"

ಅವಳಿಗೆ ಹೇಗೆ ವಿವರಿಸಲಿ? ಗಾಳಿಯ ಅಂಕಿ ಬರೀ ಅಂಕಿಯಲ್ಲ. ಹೆದರಿದರೆ ಉಸಿರು ಜೋರಾಗುತ್ತದೆ, ಅಂಕಿ ಸರಸರನೆ ಇಳಿಯುತ್ತದೆ. ಮುಖವನ್ನು ಮಾಸ್ಕ್ ಹಿಂದೆ ಬಚ್ಚಿಡಬಹುದು. ಅಂಕಿಯನ್ನು? ನನ್ನ ಭಯ ಇನ್ನೊಬ್ಬಳ ಮಣಿಕಟ್ಟಿನ ಮೇಲೆ ಮಿನುಗುವುದು ನನಗೆ ಬೇಕಿರಲಿಲ್ಲ. ಆದರೆ ಮುಬೀನಾ ಇಲ್ಲದ ನೇತ್ರಾಣಿ? ಅದೂ ಬೇಕಿರಲಿಲ್ಲ.

ಈ ಬಚ್ಚಿಡುವ ಗುಣ ನನಗೆ ಎಲ್ಲಿಂದ ಬಂತು ಎಂಬುದು ಅಂದು ಸಂಜೆಯೇ ಕಾಣಿಸಿತು. ಬೇಲಿಯಾಚೆಯಿಂದ ಪಕ್ಕದ ತೋಟದ ಪುಟ್ಟಮಾದಣ್ಣ ಅಪ್ಪನನ್ನು ಕೇಳಿದರು, "ಹುಳ ಹೆಂಗವ್ಲಾ?"

"ಏನೋ ಒಸಿ ಸುಮಾರಾಗವೆ ಕಣಣ್ಣ."

ಸುಮಾರೇ? ಹುಳುಗಳು ಸೊಪ್ಪು ಮೇಯುವ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ಆದರೆ ರೇಷ್ಮೆ ಸಾಕುವವರು ಬೆಳೆ ಚೆನ್ನಾಗಿದೆ ಎಂದು ಬಾಯಿಬಿಡುವುದಿಲ್ಲ. ದೃಷ್ಟಿಯಾದೀತು. ಸಿಕ್ಕವರನ್ನೆಲ್ಲ ಹುಳುಮನೆಗೆ ಬಿಡುವುದೂ ಇಲ್ಲ. ಪುಟ್ಟಮಾದಣ್ಣನವರು ತಲೆಯಾಡಿಸಿ ಹೋದರು. ಅವರ ಮನೆಯ ಹುಳುಗಳೂ ಸದಾ ಸುಮಾರೇ.

ಮರುದಿನ ಬೆಳಿಗ್ಗೆ ಎಲ್ಲ ಹುಳುಗಳೂ ಒಟ್ಟಿಗೆ ಹಣ್ಣಾದವು. ಅಂದರೆ ಗೂಡು ಕಟ್ಟಲು ಸಿದ್ಧವಾದವು. ಅವನ್ನು ಆಗಿಂದಾಗಲೇ ಆರಿಸಿ ಚಂದ್ರಿಕೆಗೆ, ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಕಂಡಕಂಡಲ್ಲಿ ನೂಲು ಸುರಿದುಬಿಡುತ್ತವೆ, ಬೆಳೆ ಹಾಳು. ಮನೆಯವರ ಕೈ ಎಲ್ಲಿಗೂ ಸಾಲಲಿಲ್ಲ.

ಅಪ್ಪ ಬೇಲಿಯ ಹತ್ತಿರ ಓಡಿದರು. "ಅಣ್ಣೋ, ಎಲ್ಲಾ ಒಟ್ಗೇ ಹಣ್ಣಾಗ್ಬುಟ್ಟವೆ. ಕೈಲಾಯ್ತಿಲ್ಲ, ಬಿರ್ನೆ ಬಾ."

"ನಿನ್ನೆ ಸುಮಾರಾಗವೆ ಅಂದಲ್ಲೋ," ಎನ್ನುತ್ತಲೇ ಪುಟ್ಟಮಾದಣ್ಣ ಹೆಂಡತಿಯನ್ನೂ ಕರೆದುಕೊಂಡು ಬಂದರು. ಕಾಲು ತೊಳೆದು ನೇರ ಒಳಗೆ. ತಟ್ಟೆಗಳ ಮೇಲೆ ಕಣ್ಣಾಡಿಸಿ, "ಎಲಾ ಇವ್ನ, ಬಂಗಾರ್ದಂಗವಲ್ಲೋ," ಎಂದರು.

"ಮಾತು ಆಮೇಕಾಡು. ಈಗ ಕೈ ಆಡ್ಸು," ಎಂದರು ಅಪ್ಪ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಸೇರಿತು. ಅವರು ಹೋದ ಮೇಲೆ ಅಪ್ಪನನ್ನು ಕೇಳಿದೆ. "ಎಲ್ಲಾ ನೋಡ್ಬಿಟ್ರಲ್ಲಪ್ಪ, ಈಗ ದೃಷ್ಟಿ ಆಗಲ್ವಾ?"

"ಆದ್ರೆ ಆಗ್ಲಿ ಬುಡು. ಅವ್ನು ಬರ್ದೇ ಹೋಗಿದ್ರೆ ದೃಷ್ಟಿ ಆಗಕ್ಕೆ ಏನವ್ವ ಉಳೀತಿತ್ತು?"

ಅಂಗಳಕ್ಕೆ ಬಂದು ಮುಬೀನಾಗೆ ಫೋನ್ ಮಾಡಿದೆ. "ದೊಡ್ಡದೇ ತಗೊಳ್ಳೋಣ."

"ಹುಷಾರಾಗಿದ್ದೀಯಾ ತಾನೆ?" ಎಂದಳು.

ಈ ವಾರ ಈಜುಕೊಳದಲ್ಲಿ ಇಬ್ಬರೂ ಹೊಸ ಕಂಪ್ಯೂಟರ್ ಕಟ್ಟಿಕೊಂಡು ಮುಳುಗಿದೆವು. ನನ್ನ ಪರದೆಯ ಮೇಲೆ ಎರಡು ಅಂಕಿಗಳು. ಅವಳದು ನಿಧಾನವಾಗಿ ಇಳಿಯುತ್ತಿತ್ತು. ನನ್ನದು ಓಡುತ್ತಿತ್ತು. (ಭಯಕ್ಕಲ್ಲ. ಖುಷಿಗೂ ಉಸಿರು ಜೋರಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.) ಮುಬೀನಾ ತನ್ನ ಮಣಿಕಟ್ಟು ನೋಡಿಕೊಂಡಳು. ಹತ್ತಿರ ಬಂದು, ಅಂಗೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಳು: ನಿಧಾನ. ನಾನೇನೂ ಹೇಳಬೇಕಾಗಲಿಲ್ಲ. ಇಷ್ಟು ಸುಲಭವೇ ಇದು?

ಮುಂದಿನ ತಿಂಗಳು ನೇತ್ರಾಣಿ. ಅವಳೊಬ್ಬಳಿಗೆ ಕಾಣಬಾರದು ಎಂದುಕೊಂಡಿದ್ದನ್ನು ನಿಮಗೆಲ್ಲ ಹೇಳಿಯಾಯಿತು. ಇನ್ನು ಹೆದರಲು ಏನುಳಿದಿದೆ?