ಚೆಕ್ಕಿಂಗಮ್ಮ ಕೈ ಹಾಕಿದ ಜೋಳದ ಡಿಪ್

ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ತಪ್ಪು ಹಿಡಿಯುವುದು ಅವಳ ಕೆಲಸ. ಗುಂಡಿ ಕೂದಲೆಳೆಯಷ್ಟು ವಾಲಿದ್ದರೂ ಅಂಗಿಯನ್ನು ಹೊಲಿದವಳ ಮುಖಕ್ಕೇ ಎಸೆದು, "ಇದನ್ನ ನಿನ್ನ ಗಂಡಂಗೆ ಹಾಕು" ಅನ್ನುತ್ತಿದ್ದಳು. ಚೆಕ್ಕಿಂಗಮ್ಮ ಎಂಬ ಅಡ್ಡಹೆಸರು ಬಿದ್ದಾಗ ಬೇರೆಯವರಾದರೆ ನಾಚಿಕೊಳ್ಳುತ್ತಿದ್ದರು. ಈ ಮಹಾತಾಯಿ ಬೀಗಿದಳು. ಸಂಬಳ ಕೊಡುವವರಿಗೆ ಆ ಕಣ್ಣು ಬೇಕಿತ್ತು, ಸರಿ. ಕಾರ್ಖಾನೆಯ ಗೇಟು ದಾಟಿದ ಮೇಲಾದರೂ ಅದನ್ನು ಮುಚ್ಚಬೇಡವೇ? ಮಗಳು ಹೊಸ ಮನೆ ಮಾಡಿದಾಗ ನೋಡಲು ಹೋದವಳು, ಕೂರುವ ಮೊದಲೇ ಕಿಟಕಿಯ ಅಂಚಿಗೆ ಬೆರಳೊರೆಸಿ ಧೂಳನ್ನು ಅಳಿಯನ ಮುಂದೆ ಹಿಡಿದಳು. ಅಂದಿನಿಂದ ಮಗಳು ತವರಿನ ಕಡೆ ತಲೆ ಹಾಕಿರಲಿಲ್ಲ.

ಬಸ್ ಡ್ರೈವರಾಗಿದ್ದ ಗಂಡ ಈಗ ನಿವೃತ್ತನಾದ. ಮನೆಯಲ್ಲೇ ಪಾರ್ಟಿ. ಮಗಳು ಫೋನು ಮಾಡಿದಳು.

"ಅಪ್ಪಂಗೆ ಇಷ್ಟ ಅಂತ ಮುಸುಕಿನ ಜೋಳ, ಚೀಸ್ ಹಾಕಿ, ಚಿಪ್ಸ್ ಅದ್ದಿ ತಿನ್ನೋ ಬಿಸಿಬಿಸಿ ಡಿಪ್ ನಾನೇ ಮಾಡ್ತೀನಿ. ನೀನು ಕೈ ಹಾಕಬಾರ್ದು, ಬಾಯೂ ಹಾಕಬಾರ್ದು. ಈ ಒಂದ್ಸಲ ಸುಮ್ನಿದ್ರೆ ವಾರಾವಾರ ಬರ್ತೀನಿ. ಇಲ್ಲಾಂದ್ರೆ ಇದೇ ಕೊನೆ."

"ಅಯ್ಯೋ, ನಾನ್ಯಾಕಮ್ಮ ಮಾತಾಡ್ಲಿ!" ಎಂದಳು ತಾಯಿ. ಫೋನಿಟ್ಟ ಮೇಲೆ ಅತ್ತಳು ಕೂಡ. ಮಗಳು ಬೇಕಿತ್ತು ಅವಳಿಗೆ, ಅದು ಸುಳ್ಳಲ್ಲ.

ಪಾರ್ಟಿಯ ದಿನ ಮಗಳು ಬಂದು ಜೋಳ ಬೇಯಿಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದಳು. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು, ಅರೆದ ಜೋಳ ಬೆರೆಸಿ, ಚೀಸ್ ಕರಗಿಸಿದಳು. ತಾಯಿ ಬಾಗಿಲಲ್ಲಿ ತುಟಿ ಕಚ್ಚಿ ನಿಂತಿದ್ದಳು. ಪಾತ್ರೆ ಮುಚ್ಚಿಟ್ಟು ಮಗಳು ಐಸ್ ತರಲು ಅಂಗಡಿಗೆ ಹೋದಳು. ಅಷ್ಟೇ ಸಾಕಾಯಿತು. ಮುಚ್ಚಳ ತೆಗೆದು ಇಣುಕಿದ ಚೆಕ್ಕಿಂಗಮ್ಮ ಮೂಗು ಮುರಿದಳು. ಥೂ, ಕಾಳೇ ಕಾಣದ ಜೋಳದ ಡಿಪ್ಪಂತೆ! ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು! ನಾಲ್ಕು ಜನರ ಮುಂದೆ ಮಗಳ ಮಾನ ಹೋಗಬಾರದಲ್ಲ ಎಂದುಕೊಂಡಳು. ಇಂಥ ನೆಪಗಳಿಗೆ ಅವಳ ಬಳಿ ಎಂದೂ ಕೊರತೆಯಿರಲಿಲ್ಲ. ಎಲ್ಲವನ್ನೂ ಸಿಂಕಿಗೆ ಸುರಿದು ನೀರು ಬಿಟ್ಟಳು. ಮಗಳು ಬರುವಷ್ಟರಲ್ಲಿ, ಬೇಯಿಸಿ ಮಿಕ್ಕಿದ್ದ ಜೋಳದಲ್ಲಿ ಹೊಸದು ಮಾಡಿ ಅದೇ ಪಾತ್ರೆಗೆ ತುಂಬಿದಳು. ಕಾಳುಗಳು ಒಂದೊಂದೂ ಎದ್ದು ಕಾಣುತ್ತಿದ್ದವು.

ಬಂದವರು ಚಿಪ್ಸ್ ಅದ್ದಿ ಅದ್ದಿ ತಿಂದರು. "ಏನು ಕೈರುಚಿ ರೀ ನಿಮ್ಮ ಮಗಳದು!" ಎಂದು ಪಕ್ಕದ ಮನೆಯಾಕೆ ಬಾಯಿ ಚಪ್ಪರಿಸಿದಳು. ತಾಯಿ ಉಬ್ಬಿಹೋದಳು. ಮಗಳು ಮಾತಿನ ಭರದಲ್ಲೇ ಒಂದು ಬಟ್ಟಲಿಗೆ ಬಡಿಸಿ, ಚಮಚದೊಂದಿಗೆ ಅಪ್ಪನ ಕೈಗಿತ್ತಳು. ಅವನು ಒಂದು ಚಮಚ ಬಾಯಿಗಿಟ್ಟ, ಅತ್ತಿತ್ತ ಹೊರಳಿಸಿ ಮುಖ ಹಿಂಡಿದ, ಸದ್ದಿಲ್ಲದೆ ಕರವಸ್ತ್ರಕ್ಕೆ ಉಗಿದ. ಮಗಳು ಬಟ್ಟಲಿಗೆ ಬಗ್ಗಿ ನೋಡಿದಳು.

"ಕಾಳು ಎಲ್ಲಿಂದ ಬಂತಮ್ಮ?"

"ನೀನ್ ಮಾಡಿದ್ದು ಗಂಜಿ ಥರ ಇತ್ತು ಕಣೇ, ಅದಕ್ಕೇ..."

"ಗಂಜಿ ಥರಾನೇ ಬೇಕಿತ್ತು. ಅಪ್ಪನ ಹಲ್ಲು ಕೀಳ್ಸಿ ಇನ್ನೂ ವಾರ ಆಗಿಲ್ಲ, ವಸಡೆಲ್ಲ ಹುಣ್ಣು. ಜೊತೇಲಿ ಹೋಗಿದ್ದವಳು ನೀನೇ ತಾನೆ? ನೆನಪಿಲ್ವಾ?"

ಹಲ್ಲಿನ ಡಾಕ್ಟರ ಕೋಟಿಗೆ ಒಂದು ಗುಂಡಿ ಇಲ್ಲದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಗಂಡನ ಬಾಯಿ ಮಾತ್ರ ಮರೆತಿತ್ತು.

ಮಗಳು ಚೀಲವನ್ನು ಹೆಗಲಿಗೇರಿಸಿದಳು. ಗಂಡ ಬಟ್ಟಲು ಕೆಳಗಿಟ್ಟು ಎದ್ದು, ಚಪ್ಪಲಿ ಮೆಟ್ಟಿಕೊಂಡ.

"ನೀವೆಲ್ಲಿಗ್ರೀ? ಇಷ್ಟು ಜನ ನಿಮಗೋಸ್ಕರ ಬಂದಿದಾರೆ!"

"ಮಗಳ ಮನೆಗೆ," ಎಂದ ಅವನು. "ಹಸಿವಾಗ್ತಿದೆ."