ಪುಟ್ಟಬಸಮ್ಮನ ಮನೆಗೆ ನಲ್ಲಿ ಬಂದದ್ದು

ಧನಗೆರೆಯ ಪುಟ್ಟಬಸಮ್ಮನಷ್ಟು ಸುಖವಾಗಿರುವ ಹೆಂಗಸು ಸುತ್ತ ಹತ್ತೂರಲ್ಲಿ ಇಲ್ಲ. ಹಾಗಂತ ಅವಳೇನೂ ಹೇಳಿದ್ದಲ್ಲ, ಅವಳ ಗಂಡ ಚಿಕ್ಕಮಾದಪ್ಪ ಜಗಲಿಯ ಮೇಲೆ ಕಾಲು ಚಾಚಿಕೊಂಡು ಹೇಳುವುದು. ಯಳಂದೂರಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದು ರಿಟೈರಾದ ಮೇಲೆ ಪುಣ್ಯಾತ್ಮ ಹಿಡಿದಿರುವ ಒಂದೇ ಕೆಲಸವೆಂದರೆ ಹೆಂಡತಿಯ ಕೆಲಸ ಹಗುರ ಮಾಡುವುದು. ಮಾಡಿಕೊಡುವುದಲ್ಲ ಮತ್ತೆ, ಹಗುರ ಮಾಡುವುದು. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಮೈಕು ಹಿಡಿದು ಮನೆಸಾಮಾನು ಮಾರುವವನೊಬ್ಬ ನಿಲ್ಲುತ್ತಾನೆ. ದಾರ ಎಳೆದರೆ ಈರುಳ್ಳಿ ಹೆಚ್ಚುವ ಡಬ್ಬ, ಹಿಡಿ ತಿರುಗಿಸಿದರೆ ಕಾಯಿ ತುರಿಯುವ ಯಂತ್ರ, ಬೆಳ್ಳುಳ್ಳಿ ಸುಲಿಯುವ ರಬ್ಬರ್ ಕೊಳವೆ, ಗಿರ್ರನೆ ಸುತ್ತುವ ಮಾಪಿನ ಬಕೆಟ್ಟು, ಹೀಗೆ ಒಂದೊಂದಾಗಿ ಎಲ್ಲವೂ ಚಿಕ್ಕಮಾದಪ್ಪನ ಕೈಚೀಲ ಹತ್ತಿ ಧನಗೆರೆಗೆ ಬಂದವು. ಪ್ರತಿ ಸಲವೂ ಅವನದು ಅದೇ ಮಾತು. "ಇನ್ ಮ್ಯಾಲ ನಿಂಗ ಎಲ್ಲಾ ಈಜಿ ಕಣಮ್ಮಿ."

ಈಜಿಯೇನೋ ಹೌದು. ಆದರೆ ಈಳಿಗೆಮಣೆಯನ್ನು ಒಂದು ಸಲ ಒರೆಸಿ ಗೋಡೆಗೆ ಒರಗಿಸಿದ್ದರೆ ಮುಗಿಯುತ್ತಿತ್ತು. ಈ ಡಬ್ಬವನ್ನು ಬಿಚ್ಚಬೇಕು, ಬ್ಲೇಡಿನ ಸಂದಿಯಲ್ಲಿ ಸಿಕ್ಕಿಕೊಂಡ ಈರುಳ್ಳಿ ಕೆದಕಬೇಕು, ಮುಚ್ಚಳ ಬೇರೆ, ತಳ ಬೇರೆ ತೊಳೆಯಬೇಕು. ಮಾಪಿನ ಬಕೆಟ್ಟಂತೂ ಕೊಡಗಟ್ಟಲೆ ನೀರು ಕುಡಿಯುತ್ತದೆ. ಮನೆ ಹಗುರವಾದಷ್ಟೂ ಪುಟ್ಟಬಸಮ್ಮನ ಸೊಂಟದ ಮೇಲಿನ ಕೊಡ ಹೆಚ್ಚಾಯಿತು. ಏಕೆಂದರೆ ನೀರು ಬರುವುದು ಬೀದಿ ಕೊನೆಯ ಬೋರಿಂಗಿನಿಂದ, ಕೈಯಲ್ಲಿ ಒತ್ತಿ ಒತ್ತಿ.

ಊರಿಗೆಲ್ಲ ಮನೆಮನೆಗೂ ನಲ್ಲಿ ಬಂದು ಎಷ್ಟೋ ಕಾಲವಾಗಿದೆ. ಪಂಚಾಯ್ತಿಯ ಪೈಪು ಇವರ ಬಾಗಿಲವರೆಗೂ ಬಂದು ಮೂತಿ ಮುಚ್ಚಿಕೊಂಡು ನಿಂತಿದೆ. ಒಳಗೆ ಬಿಟ್ಟುಕೊಳ್ಳದವನು ಚಿಕ್ಕಮಾದಪ್ಪ. ಅವನು ದಿನಾ ಲಿಂಗಪೂಜೆ ಮಾಡದೆ ಅಗುಳು ಬಾಯಿಗೆ ಹಾಕುವವನಲ್ಲ. ಪೂಜೆಗೆ ಅಗ್ಗಣಿ, ಅಂದರೆ ಮಡಿಯಲ್ಲಿ ತಂದ ಹೊಸ ನೀರು, ಆಗಬೇಕು. ದೇವರ ಗೂಡು ಅಡುಗೆಮನೆಯಲ್ಲೇ ಇರುವುದರಿಂದ ಅಡುಗೆಗೂ ಅದೇ ನೀರು. ನಲ್ಲಿಯೊಳಗೆ ನೀರು ತಡೆಯಲು ಚರ್ಮದ ವಾಸರ್ ಇರುತ್ತದೆ ಎಂದು ಅವನ ತಾಯಿ ಯಾವ ಕಾಲದಲ್ಲೋ ಹೇಳಿದ್ದಳು. "ಚರ್ಮದೊಳಗ ನುಗ್ಗಿ ಬಂದ ನೀರ ಲಿಂಗಕ್ಕ ಆಕಕ್ಕಾದ್ದಾ?" ಎಂದು ಅವನು ಕೇಳುತ್ತಿದ್ದ. ಪುಟ್ಟಬಸಮ್ಮ ಕೊಡ ಹೊತ್ತಳು.

ಹೋದ ವರ್ಷದಿಂದ ಅವಳ ಬಲಮಂಡಿ ಲಟಲಟ ಅನ್ನತೊಡಗಿತು. ಹೀಗೇ ಭಾರ ಹೊತ್ತರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಕೊಳ್ಳೇಗಾಲದ ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟರು. ಅವಳು ನಿಜಕ್ಕೂ ಹೆದರಿದಳು. ಕೋಲು ಹಿಡಿದ ಮೇಲೂ ನೀರು ಹೊರಬೇಕಾದವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಗಂಡನಿಗೆ ಹೇಳಿದಳು. ಅವನು ಬಹಳ ಮರುಗಿ, ರಾತ್ರಿಯೆಲ್ಲ ಯೋಚಿಸಿ, ಮಾರನೇ ದಿನ ಬಸ್ಸು ಹತ್ತಿ ಹೋಗಿ ಮಂಡಿಗೆ ಹಾಕುವ ಬೆಲ್ಟು ತಂದ. "ಈಗ ಎಷ್ಟ್ ಕೊಡ ಬೇಕಾರೂ ಹೊರಬೌದು" ಎಂದ. ಆ ಬೆಲ್ಟನ್ನೂ ಆಗಾಗ ಒಗೆಯಬೇಕು.

ಇಂಥದರಲ್ಲಿ ಬೋರಿಂಗು ಕೆಟ್ಟಿತು. ರಿಪೇರಿಗೆ ಬಂದ ರಂಗರಾಜು ಕಂಬಿ ಮೇಲೆಳೆದು ಬಿಚ್ಚಿ, ಬಟ್ಟಲಿನಂಥ ಕರೀ ಚೂರೊಂದನ್ನು ತೆಗೆದು ಕಟ್ಟೆಯ ಮೇಲೆ ಎಸೆದ. ಕೊಡ ಹಿಡಿದು ಕಾಯುತ್ತಿದ್ದ ಪುಟ್ಟಬಸಮ್ಮ ಅದನ್ನು ಮುಟ್ಟಿ ನೋಡಿದಳು. ಹಳೇ ಮೆಟ್ಟಿನ ಅಟ್ಟೆಯ ಹಾಗಿತ್ತು.

"ಇದೇನಪ್ಪ?"

"ವಾಸರ್ ಕಣಮ್ಮ, ಚರ್ಮದ್ದು. ಸವೆದೋಯ್ತು. ಇನ್ನೊಂದ ಆಕ್ತೀನಿ."

"ಮೊದಲಿಂದ್ಲೂ ಚರ್ಮದ್ದೇಯಾ?"

"ಈ ಬೋರಿಂಗ್ ಆಕ್ದಾಗಿಂದ್ಲೂ ಚರ್ಮದ್ದೇಯಾ."

"ಮನೆ ನಲ್ಲಿಗ?"

"ನಲ್ಲಿಗ್ಯಾಕಮ್ಮ ಚರ್ಮ? ಅದು ಬರೀ ರಬ್ಬರು."

ಪುಟ್ಟಬಸಮ್ಮ ಆ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ದಡದಡ ಮನೆ ಕಡೆ ಹೊರಟಳು. ಮಂಡಿನೋವು ಕೂಡ ಮರೆತುಹೋಯಿತು. ಇವತ್ತು ಗಂಡನ ಕಣ್ಣೆದುರಿಗೆ ಇದನ್ನು ಹಿಡಿಯುತ್ತೇನೆ ಅಂದುಕೊಂಡವಳು ಅರ್ಧ ಬೀದಿಯಲ್ಲಿ ಗಕ್ಕನೆ ನಿಂತಳು. ಗಂಡನನ್ನು ಅವಳು ಬಲ್ಲಳು. ಬೋರಿಂಗು ಮೈಲಿಗೆ ಎಂದು ಗೊತ್ತಾದರೆ ಅವನು ನಲ್ಲಿ ಹಾಕಿಸುವುದಿಲ್ಲ. ಗದ್ದೆಯಾಚೆಯ ಮೆಟ್ಟಿಲ ಬಾವಿಯ ನೀರೇ ಶ್ರೇಷ್ಠ ಎನ್ನುತ್ತಾನೆ. ಹೊರಲು ಈಜಿಯಾಗಲಿ ಎಂದು ಕೊಳ್ಳೇಗಾಲದಿಂದ ಪ್ಲಾಸ್ಟಿಕ್ ಕೊಡವನ್ನೂ ತರುತ್ತಾನೆ.

ಆಮೇಲೆ ಅವಳು ನಿಧಾನವಾಗಿ ನಡೆದಳು.

ಮಧ್ಯಾಹ್ನ, ರಿಪೇರಿಯಾದ ಬೋರಿಂಗಿನಿಂದ ಅವಳು ತಂದ ನೀರಲ್ಲೇ ಪೂಜೆ ಮುಗಿಸಿ, ಮುದ್ದೆ ಉಂಡು, ಚಿಕ್ಕಮಾದಪ್ಪ ಎಲೆಯಡಿಕೆಗೆ ಕೈಹಾಕುವಾಗ ಎದುರಿಗೆ ಕೂತು ಕೇಳಿದಳು. "ಅಲ್ಲ ಕಣ್ರಿ, ಇಷ್ಟು ವರ್ಷ ನೀವು ಮಾಡಿದ್ ಪೂಜ ಶಿವ್ನಿಗ ಸಂದದಾ?"

ಅವನಿಗೆ ರೇಗಿತು. "ಏನಂತ ಮಾತಾಡ್ತೀಯ? ಜ್ವರ ಬಂದಾಗ್ಲೂ ತಪ್ಪಿಸ್ನಿಲ್ಲ ನಾನು."

"ಪೂರ್ತಿ ಸಂದದಾ?"

"ಪೂರ್ತಿ ಸಂದದ. ಒಂದು ತೊಟ್ಟು ನೀರೂ ದಂಡ ಆಗಿಲ್ಲ."

ಆಗ ಅವಳು ಸೆರಗಿನ ಗಂಟು ಬಿಚ್ಚಿ, ವಾಸರ್ ತೆಗೆದು, ಎಲೆಯಡಿಕೆ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ನಮ್ ಬೋರಿಂಗ್ ಒಳಗ ಮೊದಲಿಂದ್ಲೂ ಇದ್ದದ್ದು ಇದು. ಚರ್ಮ. ಈಗ ನೀವೇ ಹೇಳಿ, ಪೂಜ ಸುಳ್ಳಾ, ಶಾಸ್ತ್ರ ಸುಳ್ಳಾ?"

ಚಿಕ್ಕಮಾದಪ್ಪ ವಾಸರ್ ನೋಡಿದ, ದೇವರ ಗೂಡು ನೋಡಿದ. ಕೈಯಲ್ಲಿದ್ದ ವೀಳ್ಯದೆಲೆಗೆ ಸುಣ್ಣ ಸವರುತ್ತಲೇ ಇದ್ದ. ಅವನ ಮುಖ ನೋಡಿ ಪುಟ್ಟಬಸಮ್ಮನಿಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ಮಂಡಿ ಅವಳದು. ಅವಳು ಎದ್ದು ಹೋಗಲಿಲ್ಲ.

"ಭಕ್ತಿ ಇದ್ರ ಯಾವ್ ನೀರಾದ್ರೇನು" ಎಂದ ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

"ಸರಿ ಹಂಗಾದ್ರ" ಎಂದು ಅವಳು ತಟ್ಟೆ ಎತ್ತಿಕೊಂಡಳು.

ಆ ವಾರವೇ ಅಡುಗೆಮನೆಗೆ ನಲ್ಲಿ ಬಂತು. ಮೊದಲ ಬಾರಿ ತಿರುಗಿಸಿದಾಗ ನೀರು ಬಸಬಸ ಸುರಿಯುವುದನ್ನು ನೋಡಿ ಪುಟ್ಟಬಸಮ್ಮನಿಗೆ ಸಂತೋಷಕ್ಕಿಂತ ಮುಂಚೆ ಸಿಟ್ಟು ಬಂತು. ಹೊತ್ತ ಕೊಡಗಳೆಲ್ಲ ನೆನಪಾಗಿ ಕಣ್ಣು ತುಂಬಿತು. ಜಗಲಿಯ ಮೇಲೆ ಚಿಕ್ಕಮಾದಪ್ಪ ಪಕ್ಕದ ಮನೆಯ ರುದ್ರಸ್ವಾಮಿಗೆ ಹೇಳುತ್ತಿದ್ದ. "ಅವಳಿಗ ಈಜಿ ಆಗ್ಲಿ ಅಂತ ನಾನೇ ಆಕುಸ್ದಿ. ಅವಳೇನ್ ಕೇಳ್ನಿಲ್ಲ."

ಪುಟ್ಟಬಸಮ್ಮ ಹೆಚ್ಚುವ ಡಬ್ಬ, ತುರಿಯುವ ಯಂತ್ರ, ಮಂಡಿಯ ಬೆಲ್ಟು ಎಲ್ಲವನ್ನೂ ಅಟ್ಟಕ್ಕೆ ಹಾಕಿದಳು. ಅವುಗಳ ಪಕ್ಕದಲ್ಲಿ ಆ ಚರ್ಮದ ಚೂರನ್ನೂ ಇಟ್ಟಳು. ಅಷ್ಟು ಸಾಮಾನಿನಲ್ಲಿ ಅವಳ ಕೆಲಸ ಹಗುರ ಮಾಡಿದ್ದು ಅದೊಂದೇ, ತೊಳೆಯುವ ರಗಳೆಯೂ ಇಲ್ಲ.