ಗಡಿ ಠಾಣೆಯ ಫೋನು

ಗಡಿ ಠಾಣೆಯಲ್ಲಿ ಅವನಿಗಿದ್ದ ಕೆಲಸ ಇಷ್ಟೇ: ದಿನಾ ಬೆಳಿಗ್ಗೆ ಫೋನೆತ್ತಿ, ಪಕ್ಕದ ದೇಶದ ಠಾಣೆಯವರನ್ನು "ಕೇಳಿಸ್ತಾ ಇದೆಯಾ?" ಎಂದು ವಿಚಾರಿಸುವುದು. ಆ ಕಡೆಯ ಹಿರಿಯರು "ಕೇಳಿಸ್ತಾ ಇದೆ" ಎಂದರೆ ಅವನ ಅಂದಿನ ದೇಶಸೇವೆ ಮುಗಿಯಿತು. ಅಮ್ಮ ಮಾತ್ರ ಮಗ ಗಡಿ ಕಾಯುತ್ತಾನೆಂದು ಬೀದಿಗೆಲ್ಲ ಡಂಗುರ ಸಾರುತ್ತಿದ್ದಳು. "ಗಡಿಯಲ್ಲಮ್ಮ, ಕುರ್ಚಿ ಕಾಯ್ತೀನಿ" ಎಂದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ದಿನ ದಟ್ಟ ಮಂಜಿನಲ್ಲಿ ಮೀನು ಹಿಡಿಯಲು ಹೋದ ಅಪ್ಪನ ದೋಣಿ ಹಿಂತಿರುಗಲಿಲ್ಲ. ನದಿಯ ಆಚೆ ದಡ ಪರದೇಶ. ಅಲ್ಲಿನ ಕಾವಲಿನವರು ಕಳ್ಳನೆಂದು ಗುಂಡು ಹಾರಿಸಿದರೆ? ಅವನು ಫೋನೆತ್ತಿ, ಮಾಮೂಲಿ ಪ್ರಶ್ನೆ ಮರೆತು, "ಯಜಮಾನ್ರೇ, ನಮ್ಮಪ್ಪ ನಿಮ್ಮ ಕಡೆ ಬಂದಿರ್ಬೇಕು" ಎಂದ.

"ಗಾಬರಿ ಬೀಳ್ಬೇಡಪ್ಪ. ಯಾರೂ ಬಂದೂಕು ಮುಟ್ಟದ ಹಾಗೆ ಈಗಲೇ ಹೇಳ್ತೀನಿ. ನೀವೂ ದೋಣಿ ಇಳಿಸಿ, ನಾವೂ ಇಳಿಸ್ತೀವಿ."

ಎರಡೂ ದಡದವರು ಹುಡುಕಿದರು. ಮಧ್ಯಾಹ್ನ ಆ ಹಿರಿಯರೇ ಫೋನು ಮಾಡಿದರು.

"ಸಿಕ್ಕಿದ್ರಪ್ಪ. ನಮ್ಮ ಚಹಾ ಕುಡೀತಾ ನಮ್ಮ ದೋಣಿಗಳಲ್ಲೇ ತಪ್ಪು ಹುಡುಕ್ತಾ ಕೂತಿದ್ದಾರೆ. ಬೇಗ ಕರ್ಕೊಂಡು ಹೋಗಿ."

ಮರುದಿನ ಬೆಳಿಗ್ಗೆ ಅವನು ಕುರ್ಚಿಯಿಂದ ಎದ್ದು ನಿಂತು ಫೋನೆತ್ತಿದ. ನಿಂತದ್ದು ಆ ಹಿರಿಯರಿಗೆ ಕಾಣುವುದಿಲ್ಲವೆಂದು ಗೊತ್ತಿತ್ತು, ಆದರೂ ಕೂರಲು ಮನಸ್ಸಾಗಲಿಲ್ಲ.

"ಕೇಳಿಸ್ತಾ ಇದೆಯಾ, ಯಜಮಾನ್ರೇ?"